ಏನಾಗಬೇಕು

ಫೆಬ್ರವರಿ 3, ಸೋಮವಾರ

ಅರ್ಧ ದಿನ ರಜೆ ಹಾಕಿ ಅರ್ಜಿ ಸಲಹೆಗಾರರ ಬಳಿ ಹೋಗಿದ್ದೆ. ನಮ್ಮ ಭಾಷೆಯವರೇ. ಈ ದೇಶದಲ್ಲಿ ಕಾಯಂ ಉಳಿಯಲು ಅರ್ಜಿ ಹಾಕುವ ನಮ್ಮವರಿಗೆಲ್ಲ ಅವರೇ ದಿಕ್ಕು. ಮಗಳು ಅವರಿಗೆ 'ಅಂಕದ ಮೇಷ್ಟ್ರು' ಎಂದು ಹೆಸರಿಟ್ಟಿದ್ದಾಳೆ. ಅವರ ಬಾಯಲ್ಲಿ ಬರುವುದೆಲ್ಲ ಅಂಕಗಳೇ: ಓದಿಗೆ ಇಷ್ಟು, ಅನುಭವಕ್ಕೆ ಇಷ್ಟು, ಭಾಷೆಗೆ ಇಷ್ಟು. ವಯಸ್ಸಿಗೆ, ನಲವತ್ತೆಂಟಾದ್ದರಿಂದ, ಸೊನ್ನೆ. ಅದು ನಿಮ್ಮ ತಪ್ಪಲ್ಲ ಬಿಡಿ ಎಂದು ಸಮಾಧಾನ ಬೇರೆ ಹೇಳಿದರು.

ಅರವತ್ತೈದು ಬೇಕು. ನನ್ನದು ಅರವತ್ತು. ಜೂನ್ ಮೂವತ್ತಕ್ಕೆ ಕೆಲಸದ ವೀಸಾ ಮುಗಿಯುತ್ತದೆ, ಇನ್ನೊಮ್ಮೆ ಮುಂದುವರಿಸಲು ಬರುವುದಿಲ್ಲ. ಮೇಷ್ಟ್ರು ನನ್ನ ಹಳೆಯ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದರು. ನಾಲ್ಕು ವರ್ಷದ ಹಿಂದೆ, ಬರುವಾಗ ತುಂಬಿದ ಅರ್ಜಿಯ ಮೂರನೆಯ ಹಾಳೆಯಲ್ಲಿ ಅವರ ಬೆರಳು ನಿಂತಿತು.

"ಮೇಡಂ, ನಿಮಗೆ ಇಲ್ಲೇ ಅಕ್ಕ ಇದ್ದಾರೆ. ಒಂದು ಮಾತು ಹೇಳಬಾರದಾ? ಒಡಹುಟ್ಟಿದವರಿದ್ರೆ ಐದು ಅಂಕ."

'ಈ ದೇಶದಲ್ಲಿರುವ ಬಂಧುಗಳು' ಎಂಬ ಜಾಗದಲ್ಲಿ ನಾನು ದೊಡ್ಡಮ್ಮನ ಮಗಳ ಹೆಸರು ಬರೆದು, ಮುಂದೆ 'ಸಿಸ್ಟರ್' ಎಂದು ಬರೆದಿದ್ದೆ. ಆಗ ಅದು ಸುಳ್ಳಾಗಿರಲಿಲ್ಲ. ಯೋಚಿಸಿ ಬರೆದದ್ದೂ ಅಲ್ಲ. ಮಾತು ಬಂದಾಗಿನಿಂದ ಅಕ್ಕ ಎಂದು ಕರೆದವಳನ್ನು ಕೈ ಇನ್ನೇನೆಂದು ಬರೆಯುತ್ತದೆ? ಆ ದಿನ ಆ ಪದಕ್ಕೆ ಒಂದು ಅಂಕವೂ ಇರಲಿಲ್ಲ.

ಇವತ್ತು ಇದೆ. ಅವಳು ಒಡಹುಟ್ಟಿದವಳಲ್ಲ, ದೊಡ್ಡಮ್ಮನ ಮಗಳು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ನಾನು ಮೇಜಿನ ಮೇಲಿದ್ದ ನೀರು ಕುಡಿದೆ. ಲೋಟ ಕೆಳಗಿಡುವಷ್ಟರಲ್ಲಿ ಅವರು ಅರವತ್ತನ್ನು ಹೊಡೆದು ಅರವತ್ತೈದು ಮಾಡಿದ್ದರು.

ಫೆಬ್ರವರಿ 6, ಗುರುವಾರ

ಪ್ರಯೋಗಾಲಯದಲ್ಲಿ ಇಡೀ ದಿನ ಹುಲ್ಲಿನ ಬೀಜ. ರೈತರಿಗೆ ಮಾರುವ ಮುಂಚೆ ಪ್ರತಿ ಮೂಟೆಯಿಂದ ಒಂದು ಹಿಡಿ ನಮ್ಮಲ್ಲಿಗೆ ಬರುತ್ತದೆ. ಬಿಳಿ ಹಲಗೆಯ ಮೇಲೆ ಸುರಿದು, ಭೂತಗನ್ನಡಿಯ ಕೆಳಗೆ ಚಿಮುಟದಿಂದ ಒಂದೊಂದೇ ಕಾಳು ಸರಿಸುವುದು. ನಾಲ್ಕು ಬಟ್ಟಲು: ಶುದ್ಧ ಬೀಜ, ಬೇರೆ ಬೆಳೆಯ ಬೀಜ, ಕಳೆ ಬೀಜ, ಕಸ. ಸಸ್ಯಶಾಸ್ತ್ರದ ಸ್ನಾತಕೋತ್ತರ ಪದವಿಯಿಂದ ನನಗೆ ದಕ್ಕಿದ ಕುರ್ಚಿ ಇದು. ಇಷ್ಟವಾದ ಕುರ್ಚಿಯೇ.

ಒಡೆದ ಬೀಜಕ್ಕೆ ಒಂದು ನಿಯಮವಿದೆ. ಚೂರು ಅರ್ಧಕ್ಕಿಂತ ದೊಡ್ಡದಾಗಿದ್ದರೆ ಅದು ಬೀಜ. ಇಲ್ಲದಿದ್ದರೆ ಕಸ.

ಮಧ್ಯಾಹ್ನದ ಬಿಡುವಿನಲ್ಲಿ ಅರ್ಜಿಯ ಕೈಪಿಡಿ ಓದಿದೆ. ಒಡಹುಟ್ಟಿದವರೆಂದರೆ ಒಬ್ಬರೇ ತಾಯಿ ಅಥವಾ ಒಬ್ಬರೇ ತಂದೆ ಇರುವವರು, ಇಲ್ಲವೇ ಕಾನೂನಿನಂತೆ ದತ್ತು ಹೋದವರು. ನಮ್ಮಿಬ್ಬರಿಗೆ ಒಬ್ಬರೇ ಎನ್ನುವಂತೆ ಇರುವುದು ಅಜ್ಜಿ ಮಾತ್ರ. ಆದರೆ ಮೂರು ವರ್ಷಕ್ಕೆ ತಾಯಿ ಹೋದ ಮೇಲೆ ನಾನು ತಿಂದದ್ದು ದೊಡ್ಡಮ್ಮನ ಕೈತುತ್ತು, ಮಲಗಿದ್ದು ಆ ಮಗಳ ಪಕ್ಕದಲ್ಲಿ. ಅರ್ಧಕ್ಕಿಂತ ಹೆಚ್ಚೇ ಇದೆಯಲ್ಲ, ಅಂದುಕೊಂಡೆ.

ಸುಳ್ಳಿಗೆ ಇಷ್ಟು ಚೆಂದದ ಉಪಮೆ ಹುಡುಕುವವಳು ಬರೀ ಕವಿತೆ ಓದುತ್ತ ಕೂತದ್ದೇ ತಪ್ಪಾಯಿತು. ಬರೆಯಬೇಕಿತ್ತು.

ಫೆಬ್ರವರಿ 16, ಭಾನುವಾರ

ದೊಡ್ಡಮ್ಮನ ಮಗಳ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದೆ. ಎರಡು ಬಸ್ಸು ಬದಲಿಸಬೇಕು. ಹೋಗದೆ ಮೂರು ತಿಂಗಳಾಗಿತ್ತು. ದೂರ ಎಂದು ಹೇಳುತ್ತೇನೆ, ದೂರದ್ದೇನಲ್ಲ.

ಅವಳು ದೊಡ್ಡ ಹೋಟೆಲೊಂದರ ಇಸ್ತ್ರಿ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಉರುಳೆ ಯಂತ್ರಕ್ಕೆ ಒದ್ದೆ ಚಾದರ ಕೊಟ್ಟು ಆ ಕಡೆಯಿಂದ ಮಡಿಸಿ ತೆಗೆಯುವ ಕೆಲಸ. ಮದುವೆಯಾಗಿ ಬಂದು ಮೂವತ್ತು ವರ್ಷ, ಅದರಲ್ಲಿ ಇಪ್ಪತ್ತಾರು ವರ್ಷ ಅದೇ ಕೋಣೆ. ಭಾವ ಹೋದ ಮೇಲೆ ಒಬ್ಬಳೇ. ಈ ದೇಶದ ಪ್ರಜೆಯಾಗಿ ಎಷ್ಟೋ ಕಾಲವಾಗಿದೆ. ಮುಂಗೈ ತುಂಬ ಹಬೆ ತಾಗಿದ ಅಡ್ಡ ಗೆರೆಗಳು. ನಾನು, ಮಗಳು ಬಂದ ಹೊಸತರಲ್ಲಿ ಹನ್ನೊಂದು ತಿಂಗಳು ಅವಳ ಮನೆಯಲ್ಲೇ ಇದ್ದೆವು. ನಮಗೆ ಮಂಚ ಬಿಟ್ಟುಕೊಟ್ಟು ಅವಳು ನಡುಮನೆಯಲ್ಲಿ ಮಲಗುತ್ತಿದ್ದಳು.

ಕಾಗದ ಮುಂದಿಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಏನು ಬರೆದಿದೆ ಎಂದು ಕೇಳಿದಳು.

"ನೀನು ನನ್ನ ಅಕ್ಕ ಅಂತ."

"ಅದಕ್ಕೂ ಕಾಗದ ಬೇಕಾ ಇವರಿಗೆ? ನನ್ನ ಸೊಂಟ ನೋಡಿದ್ರೆ ಗೊತ್ತಾಗಲ್ವಾ, ನಿನ್ನ ಹೊತ್ತು ಹೊತ್ತು ಒಂದು ಕಡೆ ವಾಲಿರೋದು?"

ಅವಳು ಹೇಳುವುದು ನಿಜ. ನನಗೆ ಮೂರು, ಅವಳಿಗೆ ಹನ್ನೆರಡು. ದೊಡ್ಡಮ್ಮ ಕೆಲಸಕ್ಕೆ ಹೋದರೆ ನನ್ನನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂದು ಏಳನೆಯ ತರಗತಿಗೆ ಅವಳ ಶಾಲೆ ನಿಂತಿತು. ಅದನ್ನು ಅವಳು ಎಂದೂ ದೂರಿನಂತೆ ಹೇಳಿದ್ದಿಲ್ಲ. ನನ್ನ ಎಂಟನೇ ಕ್ಲಾಸು ನೀನೇ, ಫೇಲಾಗದಿದ್ರೆ ಸಾಕು ಅನ್ನುತ್ತಿದ್ದಳು.

ಸಹಿ ಅಂದವಾಗಿ ಬರಲಿ ಎಂದು ಮೊದಲು ಹಳೆಯ ಕ್ಯಾಲೆಂಡರಿನ ಹಿಂದೆ ನಾಲ್ಕು ಸಲ ಹಾಕಿ ನೋಡಿದಳು. ಆಮೇಲೆ ಕಾಗದದ ಮೇಲೆ ಹಾಕಿದಳು. ಊಟ ಮಾಡಿಕೊಂಡು ಹೋಗು ಎಂದಳು. ಕೆಲಸವಿದೆ ಎಂದು ಬಂದುಬಿಟ್ಟೆ.

ಬಸ್ಸಿನಲ್ಲಿ ನೆನಪಾಗಬಾರದ್ದು ನೆನಪಾಯಿತು. ಕಳೆದ ವರ್ಷ ಪ್ರಯೋಗಾಲಯಕ್ಕೆ ದೊಡ್ಡ ಅಧಿಕಾರಿಗಳು ಬಂದಿದ್ದ ದಿನ ನಾನು ಕನ್ನಡಕ ಮರೆತು ಹೋಗಿದ್ದೆ. ಮಗಳು ಫೋನಿನಲ್ಲಿ ಹೇಳಿದಳೆಂದು ಇವಳು ಕೆಲಸ ಮುಗಿಸಿದವಳು ನಮ್ಮ ಮನೆಗೆ ಹೋಗಿ, ಕನ್ನಡಕ ತೆಗೆದುಕೊಂಡು, ಗಂಜಿಯ ವಾಸನೆಯ ಸಮವಸ್ತ್ರದಲ್ಲೇ ಬಂದು ಬಾಗಿಲಲ್ಲಿ ನಿಂತಳು. ಇವರು ಯಾರು ಎಂದು ಮೇಲ್ವಿಚಾರಕಿ ಕೇಳಿದರು. ಪರಿಚಯದವರು ಎಂದೆ. ಇಲ್ಲಿನ ಭಾಷೆಯಲ್ಲೇ ಹೇಳಿದ್ದು. ಅದೂ ಬೇಗ. ಅವಳಿಗೆ ತಿಳಿದಿರಲಾರದು.

ಮಾರ್ಚ್ 14, ಶುಕ್ರವಾರ

ಅರ್ಜಿ ಹಾಕಿದೆ. ಮೇಷ್ಟ್ರು ಗುಂಡಿ ಒತ್ತುವ ಮುನ್ನ ಒಮ್ಮೆ ನೋಡಿಬಿಡಿ ಎಂದರು. ನೋಡಿದೆ. ಸರಿಯಿದೆ ಎಂದೆ.

ಮಾರ್ಚ್ 23, ಭಾನುವಾರ

ಮಗಳು ಈಗ ಗೋಡೆಗೆ ಬಣ್ಣ ಆರಿಸುತ್ತಿದ್ದಾಳೆ. ಕಾಯಂ ಆದ ಮೇಲೆ ಮನೆ ಮಾಲೀಕರು ಮೊಳೆ ಹೊಡೆಯಲು ಬಿಡುತ್ತಾರಾ ಎಂದು ಕೇಳುತ್ತಾಳೆ. ಮೂರು ವರ್ಷದಲ್ಲಿ ನಾವು ಈ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. ಹದಿಮೂರಕ್ಕೆ ಬಂದವಳು ಬರುವ ಮೇ ತಿಂಗಳಿಗೆ ಹದಿನೆಂಟು. ಅವಳ ಅಪ್ಪನಿಂದ ಬೇರೆಯಾಗಿ ಎಂಟು ವರ್ಷ. ಊರಲ್ಲಿ ನಮಗಾಗಿ ಕಾದಿರುವ ಮನೆಯಿಲ್ಲ, ಕೆಲಸವಿಲ್ಲ. ಅವಳಿಗೆ ಮುಂದಿನ ವರ್ಷ ಕಾಲೇಜು. ಇದನ್ನೆಲ್ಲ ಇಲ್ಲಿ ಯಾರಿಗಾಗಿ ಬರೆಯುತ್ತಿದ್ದೇನೆ? ನನ್ನ ಪರ ವಾದಿಸಲು ನಾನೇ ವಕೀಲಳನ್ನು ಇಟ್ಟುಕೊಂಡ ಹಾಗಿದೆ.

ಏಪ್ರಿಲ್ 8, ಮಂಗಳವಾರ

ಕಚೇರಿಯಿಂದ ಕಾಗದ ಬಂದಿದೆ. ಇಬ್ಬರ ಜನನ ಪತ್ರಗಳೂ ಬೇಕಂತೆ. ಮೇ ಹದಿಮೂರಕ್ಕೆ ಇಬ್ಬರೂ ಖುದ್ದಾಗಿ ಬರಬೇಕಂತೆ.

ಮೇಷ್ಟ್ರಿಗೆ ಕೊನೆಗೂ ನಿಜ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಪೆನ್ನಿನ ಟೊಪ್ಪಿ ಹಾಕಿದರು, ತೆಗೆದರು. ದೊಡ್ಡಮ್ಮ ದತ್ತು ತಗೊಂಡಿದ್ರು ಅಂತ ಊರಿಂದ ಒಂದು ಹಳೇ ಪತ್ರ ಹುಟ್ಟಿಸಬಹುದು, ಮಾಡಿಕೊಡುವವರು ಇದ್ದಾರೆ ಎಂದರು. ಹೇಗಿದ್ದರೂ ಸಾಕಿದ್ದು ಸುಳ್ಳಲ್ಲವಲ್ಲ ಎಂದರು. ನನ್ನ ಉಪಮೆಯನ್ನೇ ಅವರು ಗದ್ಯದಲ್ಲಿ ಹೇಳಿದ ಹಾಗಿತ್ತು.

ಎದ್ದು ಬರುವಾಗ ಇನ್ನೊಂದು ಮಾತು ಸೇರಿಸಿದರು.

"ಒಂದು ವಿಷಯ. ಸಿಕ್ಕಿಬಿದ್ರೆ ನಿಮಗೊಬ್ಬರಿಗೇ ಅಲ್ಲ. ಸಹಿ ಹಾಕಿರೋದು ಅವರು. ಸುಳ್ಳು ಹೇಳಿಕೆ ಅಂತ ಅವರ ಮೇಲೂ ಕೇಸಾಗತ್ತೆ, ಅವರ ಹಳೇ ಕಾಗದಗಳನ್ನೂ ಕೆದಕ್ತಾರೆ. ಆದ್ರೆ ಅವರಿಗೆ ಇದನ್ನ ಹೇಳೋಕೆ ಹೋಗಬೇಡಿ, ಸುಮ್ಮನೆ ಹೆದರ್ತಾರೆ."

ಹೂಂ ಎಂದೆ.

ಏಪ್ರಿಲ್ 13, ಭಾನುವಾರ

ಹೇಳಲೆಂದೇ ಹೋದೆ. ಹೇಳಲಿಲ್ಲ.

ಮೇ ಹದಿಮೂರಕ್ಕೆ ರಜೆ ಹಾಕು ಎಂದಷ್ಟೇ ಹೇಳಿದೆ. ಆಫೀಸಿಗೆ ಹೋಗೋದಾದ್ರೆ ಒಳ್ಳೆ ಸೀರೆ ಉಡಬೇಕಾ ಎಂದು ಕೇಳಿದಳು. ಅವಳ ಕಪಾಟಿನ ಮೇಲೆ ನಾನು ಓದುತ್ತಿದ್ದ ಕವನ ಸಂಕಲನ ಕಂಡಿತು. ಕಳೆದುಹೋಗಿದೆ ಎಂದುಕೊಂಡಿದ್ದೆ. ಹಿಂದೆ ಅವಳ ಮನೆಯಲ್ಲಿದ್ದಾಗ ಕಿಟಕಿಯಲ್ಲಿಟ್ಟು ಮರೆತು ಅದು ಮಳೆಗೆ ತೊಯ್ದು ಮುದ್ದೆಯಾಗಿತ್ತು. ಎಸೆಯಲು ಹೊರಟಿದ್ದೆ. ಅವಳು ಒಂದೊಂದೇ ಹಾಳೆ ಬಿಡಿಸಿ, ಮೇಲೆ ತೆಳು ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಇನ್ನೂರ ಹತ್ತು ಪುಟಕ್ಕೂ ಇಸ್ತ್ರಿ ಮಾಡಿದ್ದಳು. ಅಕ್ಷರ ಒಂದೂ ಕದಡಿಲ್ಲ. ಪುಸ್ತಕ ಮಾತ್ರ ಮೊದಲಿಗಿಂತ ದಪ್ಪವಾಗಿದೆ, ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ.

ತಗೊಂಡು ಹೋಗು, ನಿನ್ನದೇ ಅಲ್ವಾ ಎಂದಳು. ಇಲ್ಲೇ ಇರಲಿ ಎಂದೆ. ಕೈಯಲ್ಲಿ ಅದನ್ನು ಹಿಡಿದು ಅವಳ ಮನೆಯಿಂದ ಹೊರಗೆ ಬರುವ ಧೈರ್ಯವಾಗಲಿಲ್ಲ.

ಏಪ್ರಿಲ್ 20, ಭಾನುವಾರ

ಇವತ್ತೂ ಹೇಳಲಿಲ್ಲ. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ಹೋಗಲಿಲ್ಲ, ಹೋಗದ್ದರಿಂದ ಹೇಳಲಿಲ್ಲ.

ಏಪ್ರಿಲ್ 24, ಗುರುವಾರ

ಮಗಳು ಕಾಗದಗಳ ಚೀಲ ತೆಗೆದು ನೋಡಿದ್ದಾಳೆ. ಸಹಿ ಹಾಕಿದವರ ಹೊಣೆ ಏನು ಎಂದು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿದ್ದಾಳೆ. ನನಗಿಂತ ಅವಳಿಗೆ ಇಲ್ಲಿನ ಭಾಷೆ ಚೆನ್ನಾಗಿ ಬರುತ್ತದೆ.

"ಅಮ್ಮಾ, ಇದು ದೊಡ್ಡಮ್ಮಂಗೆ ಗೊತ್ತಾ?"

ದೊಡ್ಡಮ್ಮ ಎಂದು ಅವಳು ಕರೆಯುವುದು ಸಹಿ ಹಾಕಿದವಳನ್ನು. ಏನು ಹೇಳಿದೆನೋ. ಹೇಳುತ್ತೇನೆ, ಸಮಯ ನೋಡಿ ಹೇಳುತ್ತೇನೆ ಅನ್ನುವಂಥದ್ದೇನೋ. ಅವಳು ಜಗಳವಾಡಿದ್ದರೆ ಒಳ್ಳೆಯದಿತ್ತು. ಪ್ರತಿ ಬುಧವಾರ ಶಾಲೆ ಮುಗಿಸಿ ಆ ದೊಡ್ಡಮ್ಮನ ಮನೆಗೆ ಹೋಗುತ್ತಾಳಂತೆ. ಎರಡು ವರ್ಷದಿಂದ. ಗ್ರಂಥಾಲಯ ಎಂದು ನನಗೆ ಹೇಳುತ್ತಿದ್ದಳು.

"ಸುಳ್ಳು ಯಾಕೆ ಹೇಳಿದೆ?" ಎಂದು ಕೇಳಿದೆ. ಕೇಳುವ ಯೋಗ್ಯತೆ ನೋಡಿ ನನ್ನದು.

"ನೀನು ಮುಖ ಒಂಥರಾ ಮಾಡ್ತೀಯ, ಅದಕ್ಕೆ."

ಮೇ 4, ಭಾನುವಾರ

ಪತ್ರ ಬರೆದಿದ್ದೇನೆ. ನಾಲ್ಕು ಸಾಲು. 'ಹಿಂದಿನ ಅರ್ಜಿಯಲ್ಲೂ ಈ ಅರ್ಜಿಯಲ್ಲೂ ಅಕ್ಕ ಎಂದು ತಿಳಿಸಿದವರು ನನ್ನ ತಾಯಿಯ ಅಕ್ಕನ ಮಗಳು. ನಮ್ಮ ಭಾಷೆಯಲ್ಲಿ ಇಬ್ಬರಿಗೂ ಒಂದೇ ಪದ. ಮೊದಲ ಸಲ ಅದು ತಿಳಿಯದೆ ಆದದ್ದು, ಎರಡನೆಯ ಸಲ ತಿಳಿದು ಮಾಡಿದ್ದು. ಸಹಿ ಹಾಕಿದವರಿಗೆ ನಿಮ್ಮ ಪದದ ಅರ್ಥವನ್ನು ನಾನು ವಿವರಿಸಿರಲಿಲ್ಲ.'

ಮೇಷ್ಟ್ರಿಗೆ ಓದಿ ಹೇಳಿದೆ. ಕೈಗೆ ಬಂದ ತುತ್ತು ಬಾಯಿಗೆ ಹಾಕ್ಕೊಳ್ಳೋಕೆ ಬರಲ್ಲ ನಿಮಗೆ ಎಂದರು. ಮೂರನೇ ಸಾಲನ್ನಾದರೂ ತೆಗೆಯಿರಿ, ಎರಡು ಸಲವೂ ತಿಳಿಯದೆ ಆಯಿತು ಅನ್ನಿ ಎಂದರು. ಅದೇನೋ ನಿಜವಾಗಿ ಒಳ್ಳೆಯ ಸಲಹೆ.

ಪತ್ರ ಚೀಲದಲ್ಲಿದೆ. ಮೂರನೆಯ ಸಾಲು ಇನ್ನೂ ಇದೆ. ಕಳಿಸಿಲ್ಲ.

ಮೇ 12, ಸೋಮವಾರ

ಚೀಲದಲ್ಲೇ ಇದೆ. ಇವತ್ತು ನೂರು ಕಾಳು ಎಣಿಸುವಲ್ಲಿ ಎರಡು ಸಲ ತಪ್ಪಿದೆ. ಮೇಲ್ವಿಚಾರಕಿ ಬಂದು ಮನೆಗೆ ಬೇಗ ಹೋಗು ಎಂದರು. ಪಾಪ, ಇಲ್ಲಿ ನಿನಗೆ ಯಾರೂ ಇಲ್ಲ, ಎಲ್ಲ ಒಬ್ಬಳೇ ಮಾಡಬೇಕು ಎಂದರು. ಯಾರೂ ಇಲ್ಲವೆಂದು ಅವರಿಗೆ ಹೇಳಿದವಳು ನಾನೇ.

ಮೇ 14, ಬುಧವಾರ

ನಿನ್ನೆ ಬರೆಯಲಾಗಲಿಲ್ಲ.

ಅಕ್ಕ ಒಂಬತ್ತಕ್ಕೇ ಕಚೇರಿಯ ಬಾಗಿಲಲ್ಲಿದ್ದಳು. ನೀಲಿ ಸೀರೆ, ನೆರಿಗೆಗಳು ಕತ್ತರಿಸಿ ಇಟ್ಟ ಹಾಗೆ. ನನ್ನ ಸೆರಗಿನ ಸುಕ್ಕನ್ನು ಅಂಗೈಯಲ್ಲಿ ಒತ್ತಿ ಸರಿಮಾಡಿದಳು. ಹೆದರಬೇಡ, ನಾನು ಸರಿಯಾಗೇ ಹೇಳ್ತೀನಿ ಎಂದಳು. ಆಗಲಾದರೂ ಹೇಳಬಹುದಿತ್ತು. ಬಾಗಿಲು ತೆರೆದು ನಮ್ಮ ಸಂಖ್ಯೆ ಕೂಗಿದರು.

ಸಣ್ಣ ಕೋಣೆ. ಒಂದು ಮೇಜು, ಮೂರು ಕುರ್ಚಿ, ಕಿಟಕಿಯಿಲ್ಲ. ಅಧಿಕಾರಿ ಮಗಳಿಗಿಂತ ಹತ್ತು ವರ್ಷ ದೊಡ್ಡವನಿರಬಹುದು, ಶೀತವಾಗಿ ಮೂಗು ಕೆಂಪಾಗಿತ್ತು. ಅಂಗಡಿ ಮಾತು ಬೇರೆ, ಆಫೀಸಿನ ಮಾತು ಬೇರೆ ಎಂದು ಅಕ್ಕ ದುಭಾಷಿ ಬೇಕೆಂದು ಕೇಳಿದ್ದಳು. ಅವನು ಫೋನನ್ನು ಮೇಜಿನ ನಡುವೆ ಇಟ್ಟ. ಅದರೊಳಗಿಂದ ನಮ್ಮ ಭಾಷೆ ಕೇಳಿಸಿತು. ವಯಸ್ಸಾದ ಹೆಂಗಸಿನ ದನಿ, ಎಲ್ಲಿ ಕೂತಿದ್ದರೋ. ನಮಸ್ಕಾರ ಎಂದರು. ಅಕ್ಕ ಫೋನಿಗೆ ಕೈ ಮುಗಿದಳು.

ಅಧಿಕಾರಿ ಕೇಳಿದ. ಫೋನು ಕೇಳಿತು.

"ಪಕ್ಕದಲ್ಲಿ ಕೂತಿರೋರು ನಿಮಗೆ ಏನಾಗಬೇಕು?"

ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ. ಚಿಕ್ಕಂದಿನಲ್ಲಿ ಅಕ್ಕನ ಸೊಂಟದ ಮೇಲೆ ಕೂತು ಹೋಗುವಾಗ ದಾರಿಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಈ ಮಗು ನಿನಗೆ ಏನಾಗಬೇಕು? ಏನಾಗಿದೆ ಎಂದಲ್ಲ. ಏನಾಗಬೇಕು.

"ತಂಗಿ ಆಗಬೇಕು" ಎಂದಳು ಅಕ್ಕ.

ಆ ಹೆಂಗಸು ನಮ್ಮವರಲ್ಲವೇ, ತಂಗಿ ಎಂದರೆ ಯಾರ್ಯಾರು ಆಗಬಹುದೆಂದು ಅವರಿಗೆ ಗೊತ್ತು. "ಸ್ವಂತ ತಂಗಿನಾಮ್ಮ?" ಎಂದು ಮೆಲ್ಲಗೆ ಕೇಳಿದರು.

"ಸ್ವಂತ ಅಲ್ಲದೆ, ತಂಗೀನ ಯಾರಾದ್ರೂ ಬಾಡಿಗೆಗೆ ತರ್ತಾರಾ?"

ಆ ಕಡೆ ಸಣ್ಣದಾಗಿ ನಕ್ಕದ್ದು ಕೇಳಿಸಿತು. ಆಮೇಲೆ ಅವರು ನಗೆ ನಿಲ್ಲಿಸಿ, ಇಲ್ಲಿನ ಭಾಷೆಯಲ್ಲಿ, ಹೌದು, ಸ್ವಂತ ತಂಗಿ ಎನ್ನುತ್ತಾರೆ ಎಂದರು. ಅಧಿಕಾರಿ ಮೂಗೊರೆಸಿಕೊಂಡು ಕೀಲಿಮಣೆಯ ಮೇಲೆ ಬೆರಳಿಟ್ಟ. ಅಕ್ಕ ನನ್ನ ಕಡೆ ನೋಡಿದಳು, ಪರೀಕ್ಷೆಯಲ್ಲಿ ಉತ್ತರ ಬಂದ ಹುಡುಗಿಯ ಹಾಗೆ.

"ಅಲ್ಲ" ಎಂದೆ.

ಕನ್ನಡದಲ್ಲೇ ಬಂತು. ಅಧಿಕಾರಿಗೆ ಅರ್ಥವಾಗಲಿಲ್ಲ. ಹಾಗಾಗಿ ಇನ್ನೊಮ್ಮೆ ಅವನ ಭಾಷೆಯಲ್ಲಿ ಹೇಳಬೇಕಾಯಿತು. ಇವರು ನನ್ನ ಒಡಹುಟ್ಟಿದವರಲ್ಲ, ಇವರದು ಏನೂ ತಪ್ಪಿಲ್ಲ, ತಪ್ಪು ಬರೆದವಳು ನಾನು. ಪತ್ರ ತೆಗೆದು ಮೇಜಿನ ಮೇಲಿಟ್ಟೆ. ಹತ್ತು ದಿನ ಚೀಲದಲ್ಲಿದ್ದು ಅದರ ಮೂಲೆ ಮುದುಡಿತ್ತು. ಅಧಿಕಾರಿ ಓದಿದ. ಫೋನಿನ ಹೆಂಗಸು ತಮ್ಮ ಕೆಲಸ ಮಾಡಲೇಬೇಕಲ್ಲ, ನಾನು ಹೇಳಿದ್ದನ್ನೆಲ್ಲ ತಿರುಗಿ ಅಕ್ಕನಿಗೆ ಕನ್ನಡದಲ್ಲಿ ಹೇಳಿದರು. "ನೀವು ಅವರ ಅಕ್ಕ ಅಲ್ಲ ಅಂತ ಹೇಳ್ತಿದ್ದಾರಮ್ಮ."

ಹೀಗೆ ನಾನು ಹೇಳಿದ್ದು ಅವಳಿಗೆ ಎರಡೆರಡು ಸಲ ಕೇಳಿಸಿತು.

ಅಕ್ಕನ ಮುಖ ನೋಡಲಿಲ್ಲ. ಕೈ ಮಾತ್ರ ಕಂಡಿತು. ಮೇಜಿನ ಅಂಚಿನಲ್ಲಿದ್ದ ಪತ್ರದ ಮುದುಡಿದ ಮೂಲೆಯನ್ನು ಹೆಬ್ಬೆರಳಿನಲ್ಲಿ ತೀಡಿ ತೀಡಿ ನೆಟ್ಟಗೆ ಮಾಡುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಳು. ನಾನು ಏನೋ ಶುರು ಮಾಡಿದೆ. ಇವತ್ತು ಬೇಡ ಎಂದಳು. ಅವಳ ನಿಲ್ದಾಣ ಬಂತು, ಇಳಿದಳು.

ಮೇ 18, ಭಾನುವಾರ

ಹೋಗಿ ಎಲ್ಲ ಹೇಳಿದೆ. ಸಹಿಯಿಂದ ಅವಳಿಗೆ ಏನಾಗಬಹುದಿತ್ತು, ನನಗೆ ಅದು ಯಾವಾಗ ಗೊತ್ತಾಯಿತು, ಎಲ್ಲವನ್ನೂ. ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ಕೊಳೆತ ಎಲೆ ಒಂದು ಕಡೆ, ಒಳ್ಳೆಯದು ಒಂದು ಕಡೆ. ಸಹಾಯಕ್ಕೆ ಕೈ ಚಾಚಿದೆ. ಬೇಡ, ಇದರಲ್ಲಿ ನಿನಗಿಂತ ನಾನು ಜಾಣೆ ಎಂದಳು.

ಸೊಪ್ಪು ಮುಗಿದ ಮೇಲೆ ಕೇಳಿದಳು.

"ಏಪ್ರಿಲ್ ಎಂಟಕ್ಕೇ ಗೊತ್ತಿತ್ತು ನಿನಗೆ?"

"ಹೂಂ."

"ಅವತ್ತೇ ಹೇಳಿದ್ರೆ ನಾನು ಸಹಿ ವಾಪಸ್ ತಗೋತಿದ್ದೆ ಅಂದ್ಕೊಂಡ್ಯಾ?"

ಹೌದು ಎಂದೆ. ಹಾಗೆ ಅಂದುಕೊಂಡಿದ್ದೆನೋ ಇಲ್ಲವೋ, ಈಗ ಹೇಳಲಾರೆ.

"ತಗೋತಿರಲಿಲ್ಲ" ಎಂದಳು. "ಅದೇ ನಿನಗೆ ಭಯ ಆಗಬೇಕಿತ್ತು."

ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತಿದ್ದೆ. ಊಟ ಮಾಡಿಕೊಂಡು ಹೋಗು ಎಂದು ಈ ಸಲ ಕರೆಯಲಿಲ್ಲ. ಕರೆಯದೆಯೇ ಕೂತೆ. ಎರಡು ಗಂಟೆಗೆ ಎರಡು ತಟ್ಟೆ ಹಾಕಿದಳು.

ಜೂನ್ 9, ಸೋಮವಾರ

ತೀರ್ಮಾನ ಬಂತು. ತಿದ್ದುಪಡಿ ಒಪ್ಪಿಕೊಂಡಿದ್ದಾರೆ. ಸಹಿ ಹಾಕಿದವರ ಮೇಲೆ ಯಾವ ಕ್ರಮವೂ ಇಲ್ಲ, ಅವರ ಕಡತ ಮುಚ್ಚಿದೆ. ಅರ್ಜಿದಾರರ ಅಂಕ ಅರವತ್ತು. ತಿಳಿದೂ ತಪ್ಪು ಮಾಹಿತಿ ಕೊಟ್ಟದ್ದರಿಂದ ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಜೂನ್ ಮೂವತ್ತರೊಳಗೆ ಹೊರಡಬೇಕು.

ಮೇಷ್ಟ್ರು ಫೋನು ಮಾಡಿ, ಆ ಮೂರನೇ ಸಾಲು ಮೇಡಂ, ಎಂದರು. ಅಷ್ಟು ಹೇಳಿ ಫೋನಿಟ್ಟರು.

ಜೂನ್ 11, ಬುಧವಾರ

ಸಂಜೆ ಮಗಳ ಜೊತೆ ನಾನೂ ಅಕ್ಕನ ಮನೆಗೆ ಹೋದೆ. ಅವಳಿಗೆ ಹದಿನೆಂಟು ತುಂಬಿರುವುದರಿಂದ ವಿದ್ಯಾರ್ಥಿಯಾಗಿ ಇಲ್ಲೇ ಉಳಿಯಬಹುದಂತೆ. ಇಲ್ಲಿನ ಪ್ರಜೆಯೊಬ್ಬರು ಮನೆಯಲ್ಲಿಟ್ಟುಕೊಳ್ಳುವುದಾಗಿ ಒಪ್ಪಬೇಕು ಅಷ್ಟೆ. ಕೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ. ಹೋಗಿ ನೋಡಿದರೆ ಅಕ್ಕ ಆಗಲೇ ಹೊಲಿಗೆ ಯಂತ್ರ ನಡುಮನೆಗೆ ಎಳೆದು, ಆ ಜಾಗದಲ್ಲಿ ಮಂಚ ಹಾಕಿದ್ದಳು. ಇಬ್ಬರೂ ಬುಧವಾರಗಳಲ್ಲಿ ಎಲ್ಲ ಮಾತಾಡಿ ಮುಗಿಸಿದ್ದಾರೆ.

ನನ್ನ ವಾಕ್ಯ ನನ್ನ ಬಾಯಲ್ಲೇ ಉಳಿಯಿತು. ಒಳ್ಳೆಯ ವಾಕ್ಯವೇ ಆಗಿತ್ತು.

ಜೂನ್ 20, ಶುಕ್ರವಾರ

ಕೆಲಸದ ಕೊನೆಯ ದಿನ. ಚಿಮುಟ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಬೆಳಿಗ್ಗೆ ಮೊಳಕೆ ಕೋಣೆಯಲ್ಲಿ ಕೊನೆಯ ತಟ್ಟೆಗಳನ್ನು ನೋಡಿ ಲೆಕ್ಕ ಬರೆದುಕೊಟ್ಟೆ. ನೂರಕ್ಕೆ ತೊಂಬತ್ತೊಂದು. ಅದರಲ್ಲಿ ಎರಡು ಒಡೆದ ಬೀಜಗಳೂ ಮೊಳೆತಿದ್ದವು.

ಮಗಳು ಯಾರ ಹತ್ತಿರ ಇರುತ್ತಾಳೆ ಎಂದು ಮೇಲ್ವಿಚಾರಕಿ ಕೇಳಿದರು. ನನ್ನ ಅಕ್ಕನ ಹತ್ತಿರ ಎಂದೆ. ಅಕ್ಕನಾ, ಇಲ್ಲಿ ಯಾರೂ ಇಲ್ಲ ಅಂದಿದ್ದೆಯಲ್ಲ ಎಂದರು. ಒಂದು ಸಲ ನೀವು ನೋಡಿದ್ದೀರಿ, ಕನ್ನಡಕ ತಂದುಕೊಟ್ಟಿದ್ದಳು ಎಂದೆ. ಅವರು ನೆನಪಿಸಿಕೊಂಡರು. ನೆನಪಾದದ್ದು ಮುಖದಲ್ಲಿ ಕಂಡಿತು. ಒಳ್ಳೆಯವರು, ಹೆಚ್ಚು ಕೇಳಲಿಲ್ಲ.

ಜೂನ್ 22, ಭಾನುವಾರ

ಮಗಳ ಸಾಮಾನು ಅಕ್ಕನ ಮನೆಗೆ ಸಾಗಿಸಿದೆವು. ನಾಲ್ಕು ಪೆಟ್ಟಿಗೆ.

ಮಗಳ ಅರ್ಜಿ ಮೇಜಿನ ಮೇಲಿತ್ತು. 'ಆಶ್ರಯ ಕೊಡುವವರೊಂದಿಗೆ ಸಂಬಂಧ' ಎಂಬ ಜಾಗ ಖಾಲಿ. ನಾನು ಪೆನ್ನು ತೆಗೆದುಕೊಂಡೆ, ಏನು ಬರೆಯುವುದೆಂದು ತೋಚಲಿಲ್ಲ. ಮಗಳು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು 'ದೊಡ್ಡಮ್ಮ' ಎಂದು ಇಲ್ಲಿನ ಲಿಪಿಯಲ್ಲಿ ಬರೆದು, ಕೆಳಗೆ ಸಣ್ಣದಾಗಿ 'ಅಮ್ಮನ ದೊಡ್ಡಮ್ಮನ ಮಗಳು' ಎಂದು ಇಲ್ಲಿನ ಭಾಷೆಯಲ್ಲಿ ವಿವರಿಸಿದಳು. ಎರಡು ಸಾಲಿಗೂ ಜಾಗ ಸಾಕಾಯಿತು. ನಾಲ್ಕು ವರ್ಷದ ಹಿಂದೆ ನನಗೂ ಅಷ್ಟೇ ಜಾಗ ಇತ್ತು.

ಮಗಳು ಪುಸ್ತಕದ ಪೆಟ್ಟಿಗೆ ತರಲು ಕೆಳಗೆ ಹೋದಾಗ ಅಕ್ಕ ಹೊಸ ಚಾದರ ಕೊಡವಿದಳು. ಒಂದು ತುದಿ ನನ್ನ ಕಡೆ ಎಸೆದಳು. ಹಿಡಿದೆ.

"ಧೈರ್ಯ ನಿನಗೆ" ಎಂದಳು. "ಬೆಳೆದ ಮಗಳನ್ನ ಪರಿಚಯದವರ ಮನೇಲಿ ಬಿಟ್ಟು ಹೋಗ್ತಿದ್ದೀಯ. ವಿಚಾರಿಸಿಕೊಂಡ್ಯಾ, ಹೇಗೆ ಜನ ಅಂತ?"

ಚಾದರದ ಆ ತುದಿಯಲ್ಲಿ ಅವಳು. ಈ ತುದಿಯಲ್ಲಿ ನಾನು. ಮೂವತ್ತು ವರ್ಷ ಇಲ್ಲಿದ್ದವಳಿಗೆ, ಪ್ರಯೋಗಾಲಯದ ಬಾಗಿಲಲ್ಲಿ ನಾನು ಆಡಿದ ಒಂದು ಪದ ತಿಳಿಯಲಾರದು ಎಂದುಕೊಂಡಿದ್ದೆ. ಒಂದೂವರೆ ವರ್ಷ ಅದನ್ನು ಒಳಗಿಟ್ಟುಕೊಂಡೇ ಸಹಿ ಹಾಕಿದಳು, ನೆರಿಗೆ ಹಿಡಿದು ಸೀರೆಯುಟ್ಟು ಕಚೇರಿಗೆ ಬಂದಳು, ತಂಗಿ ಆಗಬೇಕು ಎಂದಳು. ಕ್ಷಮಿಸು ಎಂಬ ಮಾತು ನಮ್ಮಿಬ್ಬರ ನಡುವೆ ಎಂದೂ ಬಳಕೆಯಲ್ಲಿಲ್ಲ. ಈಗ ಆಡಿದರೆ ಪುಸ್ತಕದಿಂದ ಓದಿದ ಹಾಗೆ ಇರುತ್ತಿತ್ತು.

"ಏನು ನೋಡ್ತೀಯ? ಎಳಿ" ಎಂದಳು. ಎಳೆದೆ. "ಅಷ್ಟೇನಾ ಕೈಯಲ್ಲಿ ಬಲ? ಇನ್ನೂ ಎಳಿ."

ಜೂನ್ 29, ಭಾನುವಾರ

ಖಾಲಿ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗೋಡೆಗಳು ಬಂದ ದಿನದಂತೆಯೇ ಇವೆ, ಒಂದು ತೂತಿಲ್ಲ. ಬೀಗದ ಕೈ ಮಧ್ಯಾಹ್ನ ಕೊಡಬೇಕು. ಇವತ್ತಿನ ರಾತ್ರಿಗೆ ಅಕ್ಕನ ಮನೆ. ಮಂಚ ಮಗಳದು, ನಾವಿಬ್ಬರೂ ನಡುಮನೆಯಲ್ಲಿ. ಹೋದ ಭಾನುವಾರ ಅಕ್ಕನಿಂದ ಕೇಳಿ ತಂದ ಕವನ ಸಂಕಲನವನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ. ದಪ್ಪವಾಗಿರುವುದರಿಂದ ಚೀಲದ ಜಿಪ್ ಹಾಕಲು ಬರುತ್ತಿಲ್ಲ.

ವಿಮಾನ ನಾಳೆ ಹನ್ನೊಂದಕ್ಕೆ. ಸೋಮವಾರ, ಹೋಟೆಲಿನಲ್ಲಿ ಚಾದರಗಳ ರಾಶಿ ಬೀಳುವ ದಿನ. ನಿಲ್ದಾಣಕ್ಕೆ ಬರಬೇಡ, ರಜೆ ಕೊಡುವುದಿಲ್ಲ ಎಂದು ಬೆಳಿಗ್ಗೆ ಫೋನು ಮಾಡಿ ಹೇಳಿದೆ. ರಜೆ ಚೀಟಿ ಆಗಲೇ ಬರೆದುಕೊಟ್ಟಾಗಿದೆ ಎಂದಳು. ಕಾರಣ ಏನೆಂದು ಬರೆದೆ ಎಂದು ಕೇಳಿದೆ.

"ತಂಗಿ ಊರಿಗೆ ಹೊರಟಿದ್ದಾಳೆ ಅಂತ ಬರೆದಿದ್ದೀನಿ" ಎಂದಳು ಅಕ್ಕ. "ಅದನ್ನೂ ತಿದ್ದೋಕೆ ಬರಬೇಡ."